ಅರವತ್ತಮೂರನೇ ನಿಮಿಷ

ಜೆವಾನ್ ಒಲಿವಿಯರ್ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಎರಡು ಬೇಸಿಗೆ, ನಡುವಿನ ಒಂದು ಚಳಿಗಾಲ ಇದ್ದ. ಅವನ ಕಥೆ ಬರೆಯಲು ನಾನು ತಕ್ಕ ಮನುಷ್ಯನಲ್ಲ ಅಂತ ನನಗೇ ಗೊತ್ತು. ಆದರೆ ಬೇರೆ ಯಾರೂ ಬರೆಯುವುದಿಲ್ಲ. ಇಲ್ಲಿನ ಪತ್ರಿಕೆ ಅವನ ಹೆಸರನ್ನು ಒಟ್ಟು ನಾಲ್ಕು ಸಲ ಅಚ್ಚು ಹಾಕಿತು, ಅದರಲ್ಲಿ ಮೂರು ಸಲ ತಪ್ಪಾಗಿ.

ನಾನು ಲೊರ್ನ್ ಮ್ಯಾಕ್‌ಐಸಾಕ್. ಸಿಡ್ನಿಯಲ್ಲಿ ಐಸ್ ಹಾಕಿ ಆಡುವ ರಿಂಕಿನಲ್ಲಿ ಮಂಜುಗಡ್ಡೆ ನುಣುಪು ಮಾಡುವ ಬಂಡಿ ಓಡಿಸುತ್ತೇನೆ. ಆಸ್ಟ್ರೇಲಿಯದ ಸಿಡ್ನಿಯಲ್ಲ, ಕೆನಡಾದ ನಮ್ಮ ಕೇಪ್ ಬ್ರೆಟನ್ ದ್ವೀಪದ್ದು. ಅದಕ್ಕೆ ಮುಂಚೆ ಉಕ್ಕಿನ ಕಾರ್ಖಾನೆಯಲ್ಲಿದ್ದೆ, ಅದು ಬಾಗಿಲು ಹಾಕಿತು. ನನಗೂ ಬರ್ನಡೆಟ್‌ಗೂ ಮಕ್ಕಳಿಲ್ಲ. ಹೊರ ಊರಿನಿಂದ ಆಡಲು ಬರುವ ಹುಡುಗರನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕುವುದು ನಮ್ಮ ಕಡೆ ಹಳೆಯ ರೂಢಿ. ಹದಿಮೂರು ಹಾಕಿ ಹುಡುಗರು ನಮ್ಮ ಫ್ರಿಜ್ಜು ಬರಿದು ಮಾಡಿ ಹೋಗಿದ್ದಾರೆ. ಆಮೇಲೆ ಊರಿಗೆ ಫುಟ್‌ಬಾಲ್ ಕ್ಲಬ್ಬು ಬಂತು. ಚೆಂಡನ್ನು ಕಾಲಲ್ಲಿ ಒದೆಯುವುದಕ್ಕೂ ಸಂಬಳ ಕೊಡುತ್ತಾರಾ ಅಂತ ನಾನು ನಕ್ಕೆ. ಬರ್ನಡೆಟ್ ಮಾತ್ರ ಆಗಲೇ ಮಂಚಕ್ಕೆ ಹೊಸ ಹೊದಿಕೆ ಹಾಕಿದ್ದಳು.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಪಂದ್ಯ ಮುಗಿಯುವ ತನಕ ಹುಡುಗನ ಮುಂದೆ ಆಟದ ಮಾತು ಎತ್ತುವಂತಿಲ್ಲ. ಕೆಟ್ಟ ಸುದ್ದಿಯಂತೂ ಬಿಲ್ಕುಲ್ ಇಲ್ಲ. ಅದು ಸುಮ್ಮನೆ ಬಂದ ಕಟ್ಟಳೆಯಲ್ಲ. ನಮ್ಮ ಮೂರನೇ ಹುಡುಗ ಎಟಿಯೆನ್ ಅಂತ, ರಿಮೂಸ್ಕಿ ಊರಿನವನು. ಅವನನ್ನು ಬೇರೆ ತಂಡಕ್ಕೆ ದಾಟಿಸಿದ್ದಾರೆ ಅನ್ನುವ ಸುದ್ದಿ ನನ್ನ ಕಿವಿಗೆ ಬಿತ್ತು, ಪಂದ್ಯದ ಬೆಳಿಗ್ಗೆ ಬಾಯಿ ತಡೆಯದೆ ಹೇಳಿಬಿಟ್ಟೆ. ಅವನ ತಲೆ ಎಲ್ಲೋ, ಕಾಲು ಎಲ್ಲೋ. ರಿಂಕಿನ ಗೋಡೆಗೆ ಹೋಗಿ ಬಡಿದು ಹೆಗಲ ಮೂಳೆ ಮುರಿದುಕೊಂಡ. ಅವತ್ತಿನಿಂದ ನಾನು ಬಾಯಿಗೆ ಬೀಗ ಹಾಕಿಕೊಂಡೆ. ಈ ಊರಿನಲ್ಲಿ ಹುಡುಗರನ್ನು ಇಟ್ಟುಕೊಳ್ಳುವ ಎಲ್ಲರೂ ಹಾಗೇ ಮಾಡುತ್ತಾರೆ. ಹೇಳುವುದು ಕೋಚಿನ ಕೆಲಸ, ಉಣ್ಣಿಸುವುದು ನಮ್ಮ ಕೆಲಸ.

ಜೆವಾನ್ ಬಂದ ದಿನ ಪಕ್ಕದ ಮನೆಯ ಫ್ಲೋರಾ ಬೇಲಿಗೆ ಒರಗಿಕೊಂಡು ಕಾಯುತ್ತಿದ್ದಳು. ನಮ್ಮ ದ್ವೀಪದಲ್ಲಿ ಹೊಸಬರ ಹೆಸರು ಕೇಳುವುದು ಆಮೇಲೆ.

"ನಿಮ್ಮಪ್ಪ ಯಾರಪ್ಪಾ?" ಅಂದಳು.

"ಕಾನ್ರಾಡ್ ಒಲಿವಿಯರ್ ಅಂತ, ಆಂಟಿ. ಬೆಕ್ವೇನಲ್ಲಿ ದೋಣಿ ಕಟ್ತಾರೆ."

"ಬೆಕ್ವೇ? ಅದು ಗ್ಲೇಸ್ ಬೇ ದಾಟಿದ ಮೇಲಾ?"

"ಹೂಂ. ದಾಟಿ ಸ್ವಲ್ಪ ಮುಂದೆ."

ಗ್ಲೇಸ್ ಬೇ ನಮ್ಮ ಪಕ್ಕದ ಊರು, ಬೆಕ್ವೇ ಇರುವುದು ದೂರದ ಕೆರಿಬಿಯನ್ ಸಮುದ್ರದಲ್ಲಿ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನನಗೆ ಹುಡುಗ ಹಿಡಿಸಿದ. ಅವನು ಹುಟ್ಟಿದ್ದು ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ. ಅಪ್ಪ ಇವನಿಗೆ ಐದು ತುಂಬುವ ಮುಂಚೆ ಬೆಕ್ವೇಗೆ ವಾಪಸ್ ಹೋದ. ಅಮ್ಮ ಮರ್ಲೀನ್ ಮುದುಕರ ಆಶ್ರಮದಲ್ಲಿ ಮೈ ತೊಳೆಸುವ, ಮಗ್ಗುಲು ತಿರುಗಿಸುವ ಕೆಲಸ ಮಾಡುತ್ತಾಳೆ. ಪ್ರತಿ ಭಾನುವಾರ ಬರ್ನಡೆಟ್‌ಗೆ ಫೋನು ಮಾಡುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದಿಲ್ಲ, ಆದರೆ ಇವಳ ಮೊಣಕಾಲು ನೋವಿನ ವಿಷಯ ನನಗಿಂತ ಮರ್ಲೀನ್‌ಗೆ ಚೆನ್ನಾಗಿ ಗೊತ್ತು.

ಹುಡುಗನದು ಮಾತು ಕಮ್ಮಿ. ತಟ್ಟೆ ತಾನೇ ತೊಳೆಯುತ್ತಿದ್ದ, ಬಚ್ಚಲು ಒರೆಸುತ್ತಿದ್ದ. ಏನು ಕೇಳಿದರೂ "ಪರ್ವಾಗಿಲ್ಲ ಅಂಕಲ್". ಸಾರಿಗೆ ಉಪ್ಪು ಬೇಕೇನೋ? ಪರ್ವಾಗಿಲ್ಲ ಅಂಕಲ್. ನಿನ್ನೆ ಸೋತಿರಲ್ಲೋ? ಪರ್ವಾಗಿಲ್ಲ ಅಂಕಲ್. ಒಂದು ದಿನ ನನಗೆ ರೇಗಿಹೋಯಿತು.

"ಮನೆಗೆ ಬೆಂಕಿ ಬಿದ್ರೂ ಪರ್ವಾಗಿಲ್ವೇನೋ?" ಅಂದೆ.

ಸ್ವಲ್ಪ ಯೋಚನೆ ಮಾಡಿ, "ಯಾರ ಮನೆ?" ಅಂದ.

ಮೊದಲ ಚಳಿಗಾಲ ಅವನು ಊರಿಗೆ ಹೋಗದೆ ನನ್ನ ಜೊತೆ ರಿಂಕಿನಲ್ಲಿ ಕೆಲಸಕ್ಕೆ ನಿಂತ. ಅಲ್ಲಿ ಚೂರುಚೂರಾಗಿ ಅವನ ಹಿಂದಿನ ಕಥೆ ಹೊರಗೆ ಬಂತು. ಹದಿಮೂರಕ್ಕೆ ದೊಡ್ಡ ಕ್ಲಬ್ಬೊಂದರ ಅಕಾಡೆಮಿ ಆರಿಸಿಕೊಂಡಿತು. ದಿನಾ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದ, ಊಟ ಬಸ್ಸಿನಲ್ಲೇ. ನಾಲ್ಕು ವರ್ಷ ಹೀಗೆ. ಹದಿನೇಳನೇ ವಯಸ್ಸಿನಲ್ಲಿ ಒಂದು ಇಮೇಲ್ ಬಂತು, ಇನ್ನು ನೀನು ಬೇಡ ಅಂತ.

"ಎಲ್ಲಿದ್ದೆ ಆಗ?" ಅಂತ ಕೇಳಿದೆ.

"ಬಸ್ಸಲ್ಲಿ. ಅಭ್ಯಾಸಕ್ಕೆ ಹೋಗ್ತಿದ್ದೆ. ಓದ್ದೆ. ಸ್ಟಾಪ್ ಬಂತು, ಇಳಿದೆ. ಗೇಟಲ್ಲಿ ಕಾರ್ಡ್ ಹಿಡಿದೆ, ಬಾಗಿಲು ತೆಗೀಲಿಲ್ಲ."

"ಆಮೇಲೆ?"

"ವಾಪಸ್ ಬಸ್ ಹತ್ತಿದೆ ಅಂಕಲ್. ಅದೇ ಟಿಕೆಟಲ್ಲಿ ಎರಡು ಗಂಟೆ ಓಡಾಡ್ಬೋದು."

ಅಳಲಿಲ್ಲವಂತೆ. ಅಮ್ಮನಿಗೆ ಒಂಬತ್ತು ದಿನ ಹೇಳಲಿಲ್ಲವಂತೆ. ಸಂಜೆ ಅದೇ ಹೊತ್ತಿಗೆ ಚೀಲ ಹೆಗಲಿಗೇರಿಸಿ ಹೊರಟು, ಯಾವುದೋ ಮಾಲ್‌ನಲ್ಲಿ ಕೂತು, ಅದೇ ಹೊತ್ತಿಗೆ ಮನೆಗೆ ಬರುತ್ತಿದ್ದನಂತೆ. ಕಾರ್ಖಾನೆ ಮುಚ್ಚಿದ ಮೇಲೆ ನಾನೂ ಮೂರು ವಾರ ಊಟದ ಡಬ್ಬಿ ಹಿಡಿದು ಬಂದರಿನ ಹತ್ತಿರ ಕಾರಿನಲ್ಲಿ ಕೂತು ಬರುತ್ತಿದ್ದೆ. ಬೇಜಾರು ಅನ್ನುವುದು ಆಗ ಬರುವುದಿಲ್ಲ. ಮೈಯೆಲ್ಲ ಜೋಮು ಹಿಡಿದ ಹಾಗಿರುತ್ತದೆ, ಅಷ್ಟೇ.

ಆಮೇಲೆ ಪೋರ್ಚುಗಲ್‌ನ ಉತ್ತರದ ಒಂದು ಸಣ್ಣ ಊರಿನ ಕ್ಲಬ್ಬಿನಲ್ಲಿ ಆರು ವಾರ ಆಯ್ಕೆಯ ಪರೀಕ್ಷೆಗೆ ಆಡಿ ಬಂದ, ಅವರೂ ತೆಗೆದುಕೊಳ್ಳಲಿಲ್ಲ. ಅಲ್ಲಿನ ಕೋಚು ಕೊನೆಯ ದಿನದ ತನಕ ಇವನನ್ನು "ಏ ಕೆನಡಾ" ಅಂತಲೇ ಕರೆಯುತ್ತಿದ್ದನಂತೆ. ವಾಪಸ್ ಬಂದು ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾ, ವಾರದ ಕೊನೆಯಲ್ಲಿ ಸಂಬಳವಿಲ್ಲದ ಲೀಗಿನಲ್ಲಿ ಎರಡು ವರ್ಷ ಆಡಿದ. ಅಲ್ಲಿಂದ ನಮ್ಮ ಊರಿನ ಕ್ಲಬ್ಬು ಎತ್ತಿಕೊಂಡಿತು. ಆಗ ಅವನಿಗೆ ಇಪ್ಪತ್ತು.

ಕ್ಲಬ್ಬು ಎತ್ತಿಕೊಂಡಿದ್ದಕ್ಕೆ ಒಂದು ಕಾರಣವಿತ್ತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಇವರ ಲೀಗಿನಲ್ಲಿ ಒಂದು ನಿಯಮ. ಎಳೆಯ ವಯಸ್ಸಿನ ಕೆನಡಾ ಹುಡುಗರನ್ನು ಪ್ರತಿ ಕ್ಲಬ್ಬೂ ವರ್ಷಕ್ಕೆ ಇಂತಿಷ್ಟು ಸಾವಿರ ನಿಮಿಷ ಆಡಿಸಲೇಬೇಕು. ನಮ್ಮ ಹುಡುಗರೂ ಮೇಲೆ ಬರಲಿ ಅಂತ ಯಾರೋ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಕೋಚುಗಳು ಅದನ್ನು ಸುಂಕ ಕಟ್ಟುವ ಹಾಗೆ ಕಟ್ಟುತ್ತಾರೆ. ಕಟ್ಟಿ ಮುಗಿದ ಮೇಲೆ ಹುಡುಗ ಬೆಂಚಿಗೆ. ಇಪ್ಪತ್ತೆರಡು ತುಂಬಿದ ಮೇಲೆ ಲೆಕ್ಕಕ್ಕೇ ಇಲ್ಲ.

ಜೆವಾನ್‌ಗೂ ಈ ನಿಯಮ ಗೊತ್ತಿತ್ತು. ಆದರೆ ತಾನು ಚೆನ್ನಾಗಿ ಆಡುವುದಕ್ಕೇ ಆಡಿಸುತ್ತಿದ್ದಾರೆ ಅಂತ ನಂಬಿದ್ದ. ಯಾವ ಹುಡುಗ ನಂಬುವುದಿಲ್ಲ? ಚೆನ್ನಾಗಿಯೇ ಆಡುತ್ತಿದ್ದ. ಎಡಗಡೆಯ ರಕ್ಷಣೆಯವನು, ಮೂರನೇ ನಂಬರಿನ ಅಂಗಿ. ಎರಡನೇ ಬೇಸಿಗೆಯಲ್ಲಿ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಕೋಚು ಜುಲೈನಲ್ಲಿ ಬೆನ್ನು ತಟ್ಟಿ, "ಮುಂದಿನ ವರ್ಷವೂ ನೀನು ನನ್ನ ಯೋಜನೇಲಿದೀಯ" ಅಂದಿದ್ದನಂತೆ. ಅವತ್ತು ಬರ್ನಡೆಟ್ ಮಾಡಿದ ಮೀನಿನ ಸಾರು ಹುಡುಗ ಮೂರು ಸಲ ಹಾಕಿಸಿಕೊಂಡ.

ಆಗಸ್ಟ್ ಕೊನೆಗೆ ಅವನ ಊರಿನ ಹತ್ತಿರದ ವಿಶ್ವವಿದ್ಯಾಲಯವೊಂದರಿಂದ ಕರೆ ಬಂತು. ಅವರ ತಂಡಕ್ಕೆ ಎಡಗಡೆ ಆಡುವವನು ಬೇಕಾಗಿತ್ತು. ಫೀಸು ಪೂರ್ತಿ ಮಾಫಿ, ನಾಲ್ಕು ವರ್ಷ ಓದಿ ಶಾಲಾ ಮೇಷ್ಟ್ರಾಗಬಹುದು. ಓದಲು ಹೋಗುವವರನ್ನು ಆಗಸ್ಟ್‌ನಲ್ಲಿ ಬಿಡಬೇಕು ಅಂತ ಇವನ ಕರಾರಿನಲ್ಲೇ ಇತ್ತು. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಹೂಂ ಅನ್ನಬೇಕು. ಮುಂದಿನ ವರ್ಷ ನಮ್ಮಲ್ಲಿ ಜಾಗ ಇರೋದಿಲ್ಲ ಅಂತ ಅಲ್ಲಿನ ಕೋಚು ನೇರವಾಗಿ ಹೇಳಿದ್ದ. ಒಂದು ಕಡೆ ಮೇಷ್ಟ್ರ ಕೆಲಸ, ಇನ್ನೊಂದು ಕಡೆ "ನನ್ನ ಯೋಜನೆಯಲ್ಲಿದ್ದೀಯ" ಅನ್ನುವ ಮಾತು. ಅವನು ವಾರವೆಲ್ಲ ಗರಬಡಿದವನ ಹಾಗೆ ಓಡಾಡಿದ.

ಗುರುವಾರ ಮಧ್ಯಾಹ್ನ ಎರಡೂವರೆಗೆ ಡೂಗಲ್ ರಿಂಕಿಗೆ ಬಂದ. ಡೂಗಲ್ ನನ್ನ ಚಿಕ್ಕಪ್ಪನ ಮಗ, ಕ್ಲಬ್ಬಿನ ಅಂಗಿ ಬೂಟು ನೋಡಿಕೊಳ್ಳುವವನು. ನಾನು ಬಂಡಿಗೆ ನೀರು ತುಂಬಿಸುತ್ತಿದ್ದೆ. ಅವನು ನಳದ ಪಕ್ಕ ನಿಂತು ಟೋಪಿ ತೆಗೆದ, ಹಾಕಿದ, ಮತ್ತೆ ತೆಗೆದ.

"ಏನೋ ಅದು? ಹೇಳ್ಬಿಟ್ಟು ಹಾಕ್ಕೊಳೋ ಟೋಪಿನ," ಅಂದೆ.

"ನಿಮ್ಮನೆ ಹುಡುಗನ ವಿಷ್ಯ. ನಾನು ಹೇಳ್ದೆ ಅಂತ ಎಲ್ಲೂ ಬಾಯಿ ಬಿಡ್ಬೇಡ."

"ಹೂಂ."

"ಕೋಚಿನ ರೂಮಿನ ಹಾಳೇಲಿ ಅರವತ್ತಮೂರು ಅಂತ ಬರೆದು ಕೆಂಪಲ್ಲಿ ಸುತ್ತು ಹಾಕವ್ರೆ. ಶನಿವಾರ ಇನ್ನು ಅರವತ್ತಮೂರು ನಿಮಿಷ ಆಡಿದ್ರೆ ಕ್ಲಬ್ಬಿನ ಲೆಕ್ಕ ಚುಕ್ತಾ. ಬುಧವಾರದ ಪಂದ್ಯಕ್ಕೆ ಮೂರನೇ ನಂಬರಿಗೆ ಬೇರೆ ಹೆಸರು ಅಚ್ಚು ಹಾಕು ಅಂತ ನಂಗೆ ಹೇಳಿದಾರೆ. ಡೆನ್ಮಾರ್ಕಿನವನಂತೆ, ಆಗ್ಲೇ ಬಂದು ಹೋಟೆಲಲ್ಲಿ ಕೂತವ್ನೆ."

"ಮುಂದಿನ ವರ್ಷ?"

"ಮುಂದಿನ ವರ್ಷ ನಿಮ್ಮ ಹುಡುಗನಿಗೆ ಇಪ್ಪತ್ತೆರಡು, ಲೊರ್ನ್."

ನೀರು ತುಂಬಿ ನೆಲಕ್ಕೆ ಹರಿಯಿತು. ನಾನು ನಳ ನಿಲ್ಲಿಸಿದೆ. ಬರ್ನಡೆಟ್‌ಗೂ ಹೇಳಲಿಲ್ಲ. ಅವಳಿಗೆ ಹೇಳಿದರೆ ಮಾತು ಅವಳ ಹೊಟ್ಟೆಯಲ್ಲಿ ಒಂದು ಗಳಿಗೆಯೂ ನಿಲ್ಲುವುದಿಲ್ಲ, ನೆಟ್ಟಗೆ ನೆಲಮಾಳಿಗೆಗೆ ಇಳಿದು ಹೇಳಿಬಿಡುತ್ತಾಳೆ. ನಮ್ಮ ಕಟ್ಟಳೆ ಇದೆಯಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಎಟಿಯೆನ್‌ನ ಮೂಳೆ ನೆನೆಸಿಕೊಂಡೆ. ಶನಿವಾರ ಮುಗಿಯಲಿ, ಆಮೇಲೆ ಕೋಚೇ ಹೇಳುತ್ತಾನೆ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಜೆವಾನ್ ಓಟ್ಸ್ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದ. ಬರ್ನಡೆಟ್ ಚರ್ಚಿನ ಕೆಲಸಕ್ಕೆ ಹೋಗಿದ್ದಳು. ಅಲ್ಲಿಯವರೆಗೆ ಅವನು ನನ್ನನ್ನು ಯಾವತ್ತೂ ಏನೂ ಕೇಳಿದವನಲ್ಲ.

"ಅಂಕಲ್, ನೀವೇನಂತೀರಾ? ಹೋಗ್ಲಾ, ಇರ್ಲಾ?"

ಅಷ್ಟು ನೇರವಾಗಿ ಕೇಳಿದ. ಚಮಚ ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದ.

"ನಾಳೆ ಆಟ ಇದೆ. ಮೊದ್ಲು ಅದು ಮುಗೀಲಿ," ಅಂದೆ.

"ಇವತ್ತು ಹನ್ನೆರಡಕ್ಕೆ ಹೇಳ್ಬೇಕು ಅಂಕಲ್."

"ಯಾರೂ ಅಷ್ಟು ಕರಾರುವಾಕ್ಕಾಗಿ ಬಾಗಿಲು ಹಾಕಲ್ಲ ಕಣೋ. ಸೋಮವಾರ ಫೋನ್ ಮಾಡಿದ್ರೂ ನಡೆಯುತ್ತೆ. ನೀನು ಆಟದ ಮೇಲೆ ಮನಸ್ಸಿಡು."

ಕಟ್ಟಳೆಯ ಮಾತು ನಿಜ. ಆದರೆ ಅದೊಂದೇ ಅಲ್ಲ, ಅದನ್ನೂ ಬರೆಯಬೇಕು. ಇನ್ನೊಂದು ಚಳಿಗಾಲ ಅವನು ನನ್ನ ಜೊತೆ ರಿಂಕಿನಲ್ಲಿರಲಿ ಅಂತ ನನಗೆ ಆಸೆಯಿತ್ತು. ಅವನು ಮೆಟ್ಟಿಲು ಹತ್ತಿ ಬರುವ ಸದ್ದು ನನಗೆ ಬೇಕಾಗಿತ್ತು. ಕೋಚು ಮನಸ್ಸು ಬದಲಿಸಿದರೂ ಬದಲಿಸಬಹುದು ಅಂತ ಒಂದು ಹುಚ್ಚು ಲೆಕ್ಕ ಹಾಕಿಕೊಂಡಿದ್ದೆ.

"ಸರಿ," ಅಂದ. ಬಟ್ಟಲು ತೊಳೆದಿಟ್ಟು ಅಭ್ಯಾಸಕ್ಕೆ ಹೋದ. ಹನ್ನೆರಡಕ್ಕೆ ನಾನು ಬಂಡಿ ನಿಲ್ಲಿಸಿ ಗೋಡೆಯ ಗಡಿಯಾರ ನೋಡಿದೆ. ಮತ್ತೆ ಬಂಡಿ ಓಡಿಸಿದೆ.

ಶನಿವಾರ ಬಂದರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಬರ್ನಡೆಟ್ ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದಳು. ನಾನು ಆಟ ನೋಡಲಿಲ್ಲ, ಗಡಿಯಾರ ನೋಡಿದೆ. ಜೆವಾನ್ ಅಂಥ ಆಟ ಹಿಂದೆ ಆಡಿರಲಿಲ್ಲ. ಅರವತ್ತೊಂದರಲ್ಲಿ ಗೆರೆಯ ಪಕ್ಕ ಇಬ್ಬರನ್ನು ದಾಟಿ ಹೋಗಿ ಒದ್ದ ಚೆಂಡು ಗೋಲಿನ ಮೇಲುಕಂಬಕ್ಕೆ ಬಡಿಯಿತು. ಜನ ಎದ್ದು ನಿಂತರು. ಫ್ಲೋರಾ ಕೂಡ ಎದ್ದು, "ಅವ್ನು ನಮ್ ಬೀದಿ ಹುಡುಗ ಕಣ್ರೀ!" ಅಂತ ಪಕ್ಕದವರಿಗೆ ಕೂಗಿ ಹೇಳಿದಳು. ಅವನು ಒಂದು ಸಲ ನಾವು ಕೂತ ಕಡೆ ನೋಡಿ ನಕ್ಕ.

ಅರವತ್ತಮೂರಕ್ಕೆ ಗೆರೆಯ ಆಚೆ, ಯಾರು ಹೊರಗೆ ಬರಬೇಕು ಅಂತ ತೋರಿಸುವ ದೀಪದ ಹಲಗೆ ಮೇಲಕ್ಕೆದ್ದಿತು. ಅದರಲ್ಲಿ ಮೂರು ಅಂತ ಇತ್ತು.

ಅವನು ಹಲಗೆ ನೋಡಿದ, ಬೆನ್ನು ತಿರುಗಿಸಿ ಬೇರೆ ಯಾರಾದರೂ ಇರಬಹುದಾ ಅಂತ ನೋಡಿದ. ಆಮೇಲೆ ನಿಧಾನಕ್ಕೆ ಓಡಿಕೊಂಡು ಹೊರಗೆ ಬಂದ. ಜನ ಚಪ್ಪಾಳೆ ತಟ್ಟಿದರು. ಕೋಚು ಕೈ ಕುಲುಕಿದ.

"ಯಾಕೆ ತೆಗೆದ್ರು ಅವನನ್ನ? ಕುಂಟಲಿಲ್ಲ, ಏನಿಲ್ಲ!" ಅಂದಳು ಬರ್ನಡೆಟ್.

"ಗೊತ್ತಿಲ್ಲ," ಅಂದೆ.

ಅಲ್ಲಿಯವರೆಗೆ ನಾನು ಬರೀ ಬಾಯಿ ಮುಚ್ಚಿಕೊಂಡಿದ್ದೆ. ಅದು ಸುಳ್ಳಾಗಿದ್ದು ಅಲ್ಲಿ.

ಸೋಮವಾರ ಕೋಚು ಅವನನ್ನು ಒಳಗೆ ಕರೆದು ಹೇಳಿದ. ಹತ್ತು ನಿಮಿಷವೂ ಆಗಲಿಲ್ಲವಂತೆ. ಜೆವಾನ್ ಮನೆಗೆ ಬಂದು ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದ. ಶುಕ್ರವಾರ ಒಂದು ಗಂಟೆಗೇ ಆ ಜಾಗವನ್ನು ಕಿಚನರ್ ಊರಿನ ಹುಡುಗನೊಬ್ಬನಿಗೆ ಕೊಟ್ಟಾಗಿತ್ತು. ಮೇಲೆ ಬಂದು ಊಟಕ್ಕೆ ಕೂತ. ಬರ್ನಡೆಟ್ ಕಣ್ಣು ಒರೆಸಿಕೊಳ್ಳುತ್ತಾ ರೊಟ್ಟಿಗೆ ಕಾಕಂಬಿ ಸವರಿ ಕೊಟ್ಟಳು. ಅವನು ತಿಂದ. ಇನ್ನೊಂದು ಬೇಕಾ ಅಂದಳು. ಪರ್ವಾಗಿಲ್ಲ ಆಂಟಿ ಅಂದ.

ಕರಾರು ಅಕ್ಟೋಬರ್ ಮುಗಿಯುವ ತನಕ ಇತ್ತು. ಎರಡು ತಿಂಗಳು ದಿನಾ ಅಭ್ಯಾಸಕ್ಕೆ ಹೋದ, ಶನಿವಾರ ಕೋಟು ಹಾಕಿಕೊಂಡು ಬೆಂಚಿನಲ್ಲಿ ಕೂತ, ಒಂದು ನಿಮಿಷವೂ ಆಡಲಿಲ್ಲ. ನಾನು ದಿನಾ ಹೇಳಬೇಕು ಅಂದುಕೊಂಡೆ. ದಿನಾ ಉಪ್ಪು ಬೇಕಾ ಅಂತ ಕೇಳಿದೆ. ಮನೆಯಲ್ಲಿ ಮೂವರೂ ಮೆತ್ತಗೆ ನಡೆಯುತ್ತಿದ್ದೆವು. ನನಗೆ ಹಸಿವು ನಿದ್ದೆ ಎಲ್ಲ ಸರಿಯಾಗಿಯೇ ಇತ್ತು, ಅದೇ ನನಗೆ ನಾಚಿಕೆ ತರಿಸುತ್ತಿತ್ತು.

ಅವನು ಹೊರಡುವ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಕರೆದುಕೊಂಡು ಹೊರಟೆ. ಬರ್ನಡೆಟ್ ಅವನನ್ನು ಅಪ್ಪಿಕೊಂಡು ಕೈಗಿಟ್ಟ ಬುತ್ತಿ ಅವನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಅವನೇ ಮಾತು ಶುರು ಮಾಡಿದ.

"ಅಂಕಲ್, ಒಂದು ಮಾತು. ಎಲ್ಲಾ ಕಡೆ ನನ್ನ ವಿಷ್ಯ ನಂಗೇ ಕೊನೇಗೆ ಗೊತ್ತಾಗೋದು. ಅಕಾಡೆಮೀಲೂ ಹಂಗೇ, ಪೋರ್ಚುಗಲ್‌ನಲ್ಲೂ ಹಂಗೇ, ಇಲ್ಲೂ ಹಂಗೇ. ನಿಮ್ಮನೇಲಿ ಮಾತ್ರ ಹಂಗಿರ್ಲಿಲ್ಲ. ಥ್ಯಾಂಕ್ಸ್ ಹೇಳೋಣ ಅಂತ."

ಆ ಮಾತು ಅವನು ಆಡದೆ ಇದ್ದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಎಲ್ಲ ಹೇಳಿದೆ. ಡೂಗಲ್ ಬಂದಿದ್ದು, ಕೆಂಪು ಸುತ್ತು, ಬೇರೆ ಹೆಸರಿನ ಅಂಗಿ.

ಅವನು ಬುತ್ತಿಯನ್ನು ತೊಡೆಯಿಂದ ತೆಗೆದು ಸೀಟಿನ ಮೇಲಿಟ್ಟ.

"ಗುರುವಾರ ಎಷ್ಟೊತ್ತಿಗೆ?"

"ಎರಡೂವರೆ."

"ಅಂದ್ರೆ ಇಪ್ಪತ್ತೊಂದೂವರೆ ಗಂಟೆ ಇತ್ತು."

"ಹೂಂ."

"ನಾನು ನಿಮ್ಮನ್ನ ಕೇಳ್ದೆ."

"ಪಂದ್ಯದ ಮುಂಚೆ ಹೇಳ್ಬಾರ್ದು ಅಂತ ನಮ್ಮನೇಲಿ..."

"ಕೋಚ್ ಹೇಳ್ಲಿಲ್ಲ, ಅದು ಅವರ ಹೊಟ್ಟೆಪಾಡು. ನಿಮಗೇನಾಗಿತ್ತು?" ಅವನ ದನಿ ನಡುಗಿತು. ಎರಡು ವರ್ಷದಲ್ಲಿ ನಾನು ಆ ದನಿ ಕೇಳಿರಲಿಲ್ಲ. "ನಾನು ಯಾರನ್ನೂ ಏನೂ ಕೇಳಲ್ಲ. ನಿಮ್ಮನ್ನ ಕೇಳ್ದೆ. ಗಾಡಿ ನಿಲ್ಸಿ."

"ಇನ್ನೂ ಒಂದು ಮೈಲಿ ಇದೆ ಕಣೋ..."

"ನಿಲ್ಸಿ ಅಂದ್ನಲ್ಲ!"

ನಿಲ್ಲಿಸಿದೆ. ಅವನು ಹಿಂದಿನ ಸೀಟಿನ ಎರಡು ಚೀಲ ಎಳೆದುಕೊಂಡು ರಸ್ತೆಯ ಅಂಚಿನಲ್ಲಿ ನಡೆದುಹೋದ. ಬುತ್ತಿ ಸೀಟಿನ ಮೇಲೆಯೇ ಇತ್ತು. ಕಣ್ಣಿಗೆ ಕಾಣುವ ತನಕ ನೋಡಿದೆ, ಅವನು ತಿರುಗಲಿಲ್ಲ.

ಈಗ ಜೆವಾನ್ ಟೊರೊಂಟೊ ವಿಮಾನ ನಿಲ್ದಾಣದಲ್ಲಿ ಸರಕು ಇಳಿಸುವ ಕೆಲಸದಲ್ಲಿದ್ದಾನೆ. ಆಡುವುದು ಬಿಟ್ಟಿದ್ದಾನೆ. ಇದೆಲ್ಲ ಮರ್ಲೀನ್ ಭಾನುವಾರ ಹೇಳಿದ್ದು. ಅಮ್ಮನಿಗೆ ಅವನು ಏನೂ ಹೇಳಿದ ಹಾಗಿಲ್ಲ. ಕ್ರಿಸ್‌ಮಸ್‌ಗೆ ಅವಳು ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕಪ್ಪು ಕೇಕು ಕಳಿಸಿದಳು, ನನ್ನ ಹೆಸರಿಗೆ.

ಅವತ್ತು ನಾನು ಬುತ್ತಿ ಹಿಡಿದುಕೊಂಡು ಮನೆಗೆ ಬಂದಾಗ ಬರ್ನಡೆಟ್ ಅದನ್ನೇ ನೋಡಿದಳು. ಅವಳಿಗೂ ಎಲ್ಲ ಹೇಳಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ, ಕೂಗಾಡಲಿಲ್ಲ.

"ನಂಗೂ ಹೇಳ್ಲಿಲ್ಲ," ಅಂದಳು.

"ಹೇಳಿದ್ರೆ ನೀನು ಅವನಿಗೆ ಹೇಳಿಬಿಡ್ತಿದ್ದೆ."

"ಹೌದು," ಅಂದಳು. "ಹೇಳಿಬಿಡ್ತಿದ್ದೆ."

ಮಾರ್ಚಿನಲ್ಲಿ ಕ್ಲಬ್ಬಿನವರ ಫೋನು ಬಂತು. ವಿನಿಪೆಗ್‌ನಿಂದ ಹತ್ತೊಂಬತ್ತರ ಹುಡುಗನೊಬ್ಬ ಬರುತ್ತಿದ್ದಾನೆ, ಎಂದಿನ ಹಾಗೆ ನಿಮ್ಮ ಮನೆಯಲ್ಲೇ ಇಳಿಸಬಹುದಾ ಅಂತ. ಬರ್ನಡೆಟ್ ಅವರ ಮಾತು ಪೂರ್ತಿ ಕೇಳಿಸಿಕೊಂಡು ಮೆತ್ತಗೆ ಹೇಳಿದಳು, "ಇಲ್ಲಪ್ಪ. ಇದು ಮಕ್ಕಳನ್ನ ನಂಬಿ ಬಿಡೋ ಮನೆ ಅಲ್ಲ."

ನಾನು ಎದುರಿಗೇ ಕೂತಿದ್ದೆ.